ಧ್ರುವದ ಲೆಕ್ಕ ಬೀದರ್ ಸೀಮೆಯ ಬಯಲಿನಲ್ಲಿ

ಉಕ್ಕಿನ ಸರಪಳಿ ನೆಲಕ್ಕೆ ತಾಗುವಂತಿಲ್ಲ. ಅದಕ್ಕಾಗಿಯೇ ಸಾಲಾಗಿ ಗೂಟ ಹೊಡೆದಿದ್ದಾರೆ, ಗೂಟಗಳ ಮೇಲೆ ಉದ್ದನೆಯ ಮರದ ತೊಟ್ಟಿಗಳನ್ನು ಇಟ್ಟಿದ್ದಾರೆ. ಒಂದೊಂದು ತೊಟ್ಟಿ ಇಪ್ಪತ್ತು ಅಡಿ, ಅಂಥವು ಐದು. ಅದರೊಳಗೆ ನೂರು ಅಡಿಯ ಸರಪಳಿಯನ್ನು ನಾಲ್ಕಾರು ಜನ ಎರಡೂ ಕೈಯಲ್ಲಿ ಹಿಡಿದು, ಎಳೆಗೂಸನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಳಿಸುತ್ತಾರೆ. ಅದರಲ್ಲಿ ನಲವತ್ತು ಕೊಂಡಿ, ಕೊಂಡಿಗೆ ಎರಡೂವರೆ ಅಡಿ. ಒಂದು ತುದಿಯನ್ನು ಕಂಬಕ್ಕೆ ಬಿಗಿದು ಇನ್ನೊಂದು ತುದಿಗೆ 28 ಪೌಂಡಿನ ತೂಕ ತೂಗಿಬಿಡುತ್ತಾರೆ. ಸರಪಳಿ ನೆಟ್ಟಗಾಗುತ್ತದೆ. ಈಗ ಯಾರೂ ಅಲ್ಲಾಡಬಾರದು.

ಇಸವಿ 1815. ಹೈದರಾಬಾದಿನ ಗಾದಿಯ ಮೇಲೆ ಸಿಕಂದರ್ ಜಾಹ್ ಇದ್ದಾನೆ. ನೀವು ನಿಂತಿರುವುದು ಬೀದರ್ ಸೀಮೆಯ ಬಯಲಿನಲ್ಲಿ, ಕೊಡ್ಲಿ–ಚಿಂಚೋಳಿಯ ಗುಡ್ಡಗಳನ್ನು ದಾಟಿ ಉತ್ತರಕ್ಕೆ ಬಂದರೆ ಸಿಗುವ ಎತ್ತರದ ನೆಲದಲ್ಲಿ. ಕಾಲಡಿ ಜಂಬಿಟ್ಟಿಗೆಯ ಕೆಂಪು ಮಣ್ಣು, ಆಚೆ ತಗ್ಗಿನಲ್ಲಿ ಎರೆಹೊಲ. ತೊಟ್ಟಿಯ ಪಕ್ಕ ಕೂತವನೊಬ್ಬ ತಾಪಮಾಪಕ ಓದುತ್ತಾನೆ, ಮತ್ತೊಬ್ಬ ಬರೆದುಕೊಳ್ಳುತ್ತಾನೆ. ಬಿಸಿಲು ಏರಿದರೆ ಉಕ್ಕು ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಯ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಏಳು ಮೈಲಿಯ ರೇಖೆ ಅಳೆಯಲು ಈ ಸರಪಳಿಯನ್ನು 370 ಸಲ ಹಾಸಬೇಕು. ಬಿಸಿಲಿನ ಲೆಕ್ಕ ಬಿಟ್ಟರೆ ಕೊನೆಗೆ ಒಂದು ಮೀಟರಿಗೂ ಮೀರಿದ ತಪ್ಪು ಉಳಿಯುತ್ತದೆ. ಆ ತಪ್ಪು ಇಲ್ಲಿಗೇ ನಿಲ್ಲುವುದಿಲ್ಲ. ಈ ರೇಖೆಯನ್ನೇ ಒಂದು ಭುಜವಾಗಿ ಹಿಡಿದು, ಕೋನ ಓದಿ ಮುಂದೆ ಕಟ್ಟುತ್ತ ಹೋಗುವ ಪ್ರತಿ ತ್ರಿಕೋನಕ್ಕೂ ದಾಟುತ್ತದೆ, ಎಷ್ಟೋ ವರ್ಷಗಳ ಮೇಲೆ ಹಿಮಾಲಯದ ಶಿಖರದ ಎತ್ತರಕ್ಕೂ ಹೋಗಿ ಸೇರುತ್ತದೆ.

ಈ ಸರಪಳಿಗೆ ತನ್ನದೇ ಕತೆಯಿದೆ. ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಮಾಡಿದ್ದು. 1793ರಲ್ಲಿ ಬ್ರಿಟನ್ನಿನ ಮೆಕಾರ್ಟ್ನಿಯ ನಿಯೋಗ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದ ಸಾಮಾನುಗಳಲ್ಲಿ ಇದೂ ಇತ್ತು. ಅಲ್ಲಿ ಯಾರಿಗೂ ಬೇಡವಾಗಿ ಭಾರತಕ್ಕೆ ಬಂತು. ಅದನ್ನು ಕೊಂಡುಕೊಂಡು ಇಲ್ಲಿಯವರೆಗೆ ತಂದವನು ವಿಲಿಯಂ ಲ್ಯಾಂಬ್ಟನ್. ಗುಡಾರದ ಮುಂದೆ ನಿಂತಿರುವ, ಅರವತ್ತರ ಆಸುಪಾಸಿನ, ಹೆಚ್ಚು ಮಾತನಾಡದ ಆ ಮನುಷ್ಯ ಅವನೇ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು. ರಾತ್ರಿ ದಾರಿತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದ ತನ್ನ ಪಡೆಯನ್ನು ನಕ್ಷತ್ರ ನೋಡಿ ತಿರುಗಿಸಿದವನೆಂದು ಹೆಸರಾದವನು. ಯುದ್ಧ ಮುಗಿದ ಮೇಲೆ ಉಳಿದವರು ಲೂಟಿಯ ಪಾಲು ಎಣಿಸುವಾಗ ಇವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಭೂಮಿಯ ಆಕಾರ ಸರಿಯಾಗಿ ಏನು?

ಬೀದರಿನ ಬಯಲಿಗೂ ಉತ್ತರಧ್ರುವಕ್ಕೂ ನಂಟು ಬೀಳುವುದು ಆ ಪ್ರಶ್ನೆಯಿಂದಲೇ. ಭೂಮಿ ಸರಿಯಾದ ಗುಂಡಲ್ಲ, ಧ್ರುವಗಳ ಬಳಿ ಚಪ್ಪಟೆ ಎಂದು ನ್ಯೂಟನ್ ಹೇಳಿದ್ದ. ಹಾಗಿದ್ದರೆ ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಎಲ್ಲ ಕಡೆ ಒಂದೇ ಇರುವಂತಿಲ್ಲ. ಧ್ರುವದತ್ತ ಹೋದಂತೆ ಅದು ಉದ್ದವಾಗಬೇಕು. ನೋಡಿ ಬರಲು ಫ್ರಾನ್ಸಿನವರು 1730ರ ದಶಕದಲ್ಲಿ ಎರಡು ತಂಡ ಕಳಿಸಿದರು. ಒಂದು ಸಮಭಾಜಕದ ಬಳಿಯ ಪೆರುವಿಗೆ, ಇನ್ನೊಂದು ಮೊಪರ್‌ಟ್ವಿಯ ಮುಂದಾಳುತನದಲ್ಲಿ ಧ್ರುವವೃತ್ತದ ಹತ್ತಿರದ ಲ್ಯಾಪ್‌ಲ್ಯಾಂಡಿಗೆ. ನ್ಯೂಟನ್ ಹೇಳಿದ್ದೇ ನಿಜವಾಯಿತು. ಆದರೆ ಎಷ್ಟು ಚಪ್ಪಟೆ? ಅದು ಖಚಿತವಾಗಬೇಕಾದರೆ ಸಮಭಾಜಕಕ್ಕೆ ಹತ್ತಿರದ ನಾಡಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಉದ್ದನೆಯ ಗೆರೆಯೊಂದು ಬೇಕಿತ್ತು. ಧ್ರುವಕ್ಕೆ ಯಾರೂ ಕಾಲಿಡದ ಕಾಲದಲ್ಲಿ ಧ್ರುವ ಎಷ್ಟು ತಗ್ಗಿದೆ ಎಂಬ ಲೆಕ್ಕವನ್ನು ತಮಿಳುನಾಡಿನ ತಾಳೆಮರಗಳ ನಡುವೆ, ಬೆಂಗಳೂರಿನ ಬಯಲಿನಲ್ಲಿ, ನಮ್ಮ ತೊಗರಿಯ ನಾಡಿನಲ್ಲಿ ಹಿಡಿದದ್ದು ಹೀಗೆ.

ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇಂಥ ಮೊದಲ ರೇಖೆ, ಅಂದರೆ ತ್ರಿಕೋನಗಳಿಗೆ ಆಧಾರರೇಖೆ, ಅಳೆದ. 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು. ಮದ್ರಾಸಿನಿಂದ ತ್ರಿಕೋನಗಳ ಮೇಲೆ ಲೆಕ್ಕ ಹಾಕಿ ತಂದ ಉದ್ದಕ್ಕೂ ಬೆಂಗಳೂರಿನ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಆಮೇಲೆ ಕೊಯಮತ್ತೂರು, ಪಾಳಯಂಕೋಟೆ, ಗುತ್ತಿ. ಈಗ ಬೀದರ್.

ಸರಪಳಿಯ ಕೆಲಸ ಮುಗಿಯಿತೆಂದರೆ ಗುಡ್ಡ ಹತ್ತುವ ಕೆಲಸ ಶುರು. ಬನ್ನಿ, ಹೆಗಲು ಕೊಡಿ. ಕೋನ ಅಳೆಯುವ, ಅರ್ಧ ಟನ್ ತೂಗುವ ಥಿಯೊಡೊಲೈಟ್ ಮೇಲೆ ಹೋಗಬೇಕು. ಅದರ ಹಿತ್ತಾಳೆಯ ಅಡ್ಡಚಕ್ರವೇ ಮೂರು ಅಡಿ ಅಗಲ. ಇಂಗ್ಲೆಂಡಿನಿಂದ ಬರುವಾಗ ಹಡಗಿನ ಸಮೇತ ಫ್ರೆಂಚರ ಕೈಗೆ ಸಿಕ್ಕು ಮಾರಿಷಸ್ ಕಂಡು, ಅಲ್ಲಿನ ಗವರ್ನರ್ ವಿಜ್ಞಾನದ ಸಾಮಾನೆಂದು ಮರ್ಯಾದೆಯಿಂದ ವಾಪಸು ಕಳಿಸಿದ ಯಂತ್ರ ಇದು. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಗೋಡೆಗೆ ಅಪ್ಪಳಿಸಿ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಗುಡಾರದ ಬಾಗಿಲು ಮುಚ್ಚಿಕೊಂಡು, ವಾರಗಟ್ಟಲೆ ಕೂತು ಕೈಯಾರೆ ಬಡಿದು ನೆಟ್ಟಗೆ ಮಾಡಿದ. ಅದೇ ಚಕ್ರ ಈಗ ನಿಮ್ಮ ಹೆಗಲ ಮೇಲಿನ ಪೆಟ್ಟಿಗೆಯಲ್ಲಿದೆ. ಕಲ್ಲು ಜಾರುತ್ತದೆ, ಕಾರೆಮುಳ್ಳು ಪಂಚೆ ಹಿಡಿದೆಳೆಯುತ್ತದೆ. ತುದಿಯಲ್ಲಿ ಗಾಳಿ.

ಮೇಲೆ ನಿಂತು ನೋಡಿದರೆ ಈ ಸೀಮೆ ಬೇರೆಯೇ. ಕೆಳಗೆ ನಡೆಯುವಾಗ ಒಂದೇ ಸಮನೆ ಕಾಣುತ್ತಿದ್ದ ನೆಲ ಇಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ದಕ್ಷಿಣಕ್ಕೆ ಇಳಿಯುತ್ತದೆ. ಮೇಲಿನ ಮೆಟ್ಟಿಲು ಕಪ್ಪು ಬಸಾಲ್ಟ್ ಮತ್ತು ಅದರ ಮೇಲಿನ ಕೆಂಪು ಜಂಬಿಟ್ಟಿಗೆ. ಮುಲ್ಲಾಮಾರಿ, ಕಾಗಿಣಾ ಹೊಳೆಗಳ ಕಣಿವೆ ದಾಟಿ ಸೇಡಂ, ಚಿತ್ತಾಪುರ, ಶಹಾಬಾದಿನತ್ತ ಇಳಿದರೆ ಪದರ ಪದರವಾಗಿ ಏಳುವ ಫರಸಿ ಕಲ್ಲಿನ ನೆಲ. ಊರಿಗೊಂದು ಹುಡೇವು, ಕಾವಲಿನ ಬುರುಜು, ಎದ್ದು ನಿಂತಿದೆ. ಎದುರಿನ ಗುಡ್ಡದ ನೆತ್ತಿಯಲ್ಲಿ ಬಾವುಟ ಹಿಡಿದವನೊಬ್ಬ ನಿಂತಿದ್ದಾನೆ, ಬರಿಗಣ್ಣಿಗೆ ಕಾಣುವುದಿಲ್ಲ. ದುರ್ಬೀನಿಗೆ ಕಣ್ಣಿಟ್ಟರೆ ಬಿಸಿಲಿನ ಝಳದಲ್ಲಿ ನಡುಗುವ ಚುಕ್ಕಿಯೊಂದು. ಝಳ ತಣಿಯುವವರೆಗೆ ಕಾಯಬೇಕು. ಚುಕ್ಕಿ ನಿಂತ ಕ್ಷಣ ಕೋನ ಓದಬೇಕು. ಮತ್ತೆ ಓದಬೇಕು, ಚಕ್ರ ತಿರುಗಿಸಿ ಮತ್ತೊಮ್ಮೆ ಓದಬೇಕು. ಬಾವುಟದವನಿಗೆ ಇದೇನೂ ಕಾಣದು. ಇಳಿ ಎಂಬ ಸನ್ನೆ ಬರುವವರೆಗೆ ಅವನು ನಿಂತಿರಬೇಕು, ರೊಟ್ಟಿ ಬುತ್ತಿ ಅಲ್ಲೇ, ರಾತ್ರಿ ಅಲ್ಲೇ. ಅಂಥವರಲ್ಲಿ ಜ್ವರ ಹತ್ತಿ ಸತ್ತವರು ಬಹಳ. ಅವರ ಹೆಸರು ಯಾವ ನಕ್ಷೆಯ ಮೂಲೆಯಲ್ಲೂ ಇಲ್ಲ. ಈ ಕೆಲಸದ ಚರಿತ್ರೆ ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರೇ.

ಇಲ್ಲಿಂದ ದಕ್ಷಿಣಕ್ಕೆ ಸೇಡಂ ಬಳಿ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ, ಅದರಲ್ಲಿ ತ್ರಿಕೋನ ಮೊದಲಾದ ಕ್ಷೇತ್ರಗಳ ಗಣಿತಕ್ಕೇ ಒಂದು ಭಾಗ ಮೀಸಲು. ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಗುರುತಿಸಿದ್ದೂ ಅದೇ ಆಸ್ಥಾನದಿಂದ. ನಾಡನ್ನು ಅಳೆಯುವ, ಅದರ ಎಲ್ಲೆ ಹೇಳುವ ಕೆಲಸ ಈ ಮಣ್ಣಿಗೆ ಹೊಸದಲ್ಲ.

ರಾತ್ರಿಯಾಯಿತು. ದಮರಗಿದ್ದದ ಠಾಣೆ. ಇಂದಿನ ತೆಲಂಗಾಣದ ನಾರಾಯಣಖೇಡದ ಕಡೆಯ ಈ ಊರಿನ ಸುತ್ತಿನ ಸೀಮೆ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇತ್ತು. ನೆತ್ತಿಯ ನಕ್ಷತ್ರ ನೋಡುವ ಜೆನಿತ್ ಸೆಕ್ಟರ್ ಎಂಬ ದುರ್ಬೀನು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿದೆ. ಅದರ ಕೆಳಗೆ ಕತ್ತೆತ್ತಿ ಕೂತು, ನಕ್ಷತ್ರ ಗೆರೆ ದಾಟುವ ಗಳಿಗೆಗೆ ಕಾಯಬೇಕು. ಅದೇ ನಕ್ಷತ್ರಗಳನ್ನು ಕನ್ಯಾಕುಮಾರಿಯ ಹತ್ತಿರದ ಪುನ್ನೈಯಿಂದಲೂ ನೋಡಿಯಾಗಿದೆ. ಎರಡು ಕಡೆಯ ವ್ಯತ್ಯಾಸವೇ ಆಕಾಶದ ಲೆಕ್ಕ. ನಡುವಿನ ತ್ರಿಕೋನಗಳ ಸಾಲು ನೆಲದ ಲೆಕ್ಕ. ದಮರಗಿದ್ದದ ಅಕ್ಷಾಂಶ 18 ಡಿಗ್ರಿ 3 ನಿಮಿಷ 23.6 ಸೆಕೆಂಡು ಎಂದು ನಿಂತಿತು. ಪುನ್ನೈಯಿಂದ ಇಲ್ಲಿಗೆ ಹತ್ತು ಡಿಗ್ರಿಗೆ ಸ್ವಲ್ಪ ಕಡಿಮೆ, ನೆಲದ ಮೇಲೆ ಸುಮಾರು 1,090 ಕಿಲೋಮೀಟರ್. ಈ ಗೆರೆಯನ್ನು ಬೇರೆ ದೇಶಗಳ ಗೆರೆಗಳೊಂದಿಗೆ ಹೋಲಿಸಿ, ಭೂಮಿಯ ಚಪ್ಪಟೆತನ 310ರಲ್ಲಿ ಒಂದು ಪಾಲು ಎಂದು ಲ್ಯಾಂಬ್ಟನ್ 1818ರಲ್ಲಿ ಪ್ರಕಟಿಸಿದ. ಇಂದು ಉಪಗ್ರಹಗಳು ಕೊಡುವ ಲೆಕ್ಕ 298ರಲ್ಲಿ ಒಂದು ಪಾಲು. ಅಂದರೆ ಭೂಮಿಯ ನಡುವಿನಿಂದ ಧ್ರುವಕ್ಕಿರುವ ದೂರ ಸಮಭಾಜಕಕ್ಕಿರುವುದಕ್ಕಿಂತ 21 ಕಿಲೋಮೀಟರ್ ಕಡಿಮೆ. ಸರಪಳಿ, ಗೂಟ, ಹಿತ್ತಾಳೆಯ ಚಕ್ರ ಇಷ್ಟನ್ನೇ ಹಿಡಿದು ಅಷ್ಟು ಹತ್ತಿರ ಬಂದದ್ದು ಮನುಷ್ಯನ ತಾಳ್ಮೆಯ ದೊಡ್ಡ ಸಾಧನೆ ಎಂದೇ ನಾನು ತಿಳಿದಿದ್ದೇನೆ.

ಲ್ಯಾಂಬ್ಟನ್ 1823ರ ಜನವರಿಯಲ್ಲಿ, ಗೆರೆಯನ್ನು ಇನ್ನೂ ಉತ್ತರಕ್ಕೆ ಒಯ್ಯುವ ದಾರಿಯಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡ. ಕೆಲಸ ಜಾರ್ಜ್ ಎವರೆಸ್ಟ್ ಕೈಗೆ ಬಂತು.

ಈಗ 1841. ಮತ್ತೆ ಬೀದರ್ ಸೀಮೆಯ ಬಯಲು. ಎವರೆಸ್ಟನಿಗೆ ಹಳೆಯ ಸರಪಳಿಯ ಮೇಲೆ ನಂಬಿಕೆಯಿಲ್ಲ, ಹೊಸ ಪಟ್ಟಿಗಳಿಂದ ಇನ್ನೊಮ್ಮೆ ಅಳೆಸುತ್ತಿದ್ದಾನೆ. ಸಾಲುಗುಡಾರದ ನೆರಳಿನಲ್ಲಿ ಹತ್ತು ಅಡಿಯ ಆರು ಪಟ್ಟಿಗಳು. ಒಂದೊಂದರಲ್ಲೂ ಪಕ್ಕಪಕ್ಕದಲ್ಲಿ ಒಂದು ಕಬ್ಬಿಣದ ಸರಳು, ಒಂದು ಹಿತ್ತಾಳೆಯ ಸರಳು. ಶಾಖಕ್ಕೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎರಡಕ್ಕೂ ಸೇರಿಸಿ ತುದಿಯಲ್ಲಿ ಇಟ್ಟಿರುವ ನಾಲಿಗೆ ಅದಕ್ಕೆ ತಕ್ಕಂತೆ ಓರೆಯಾಗುತ್ತದೆ, ಅದರ ಮೇಲಿನ ಚುಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ. ಬಿಸಿಲನ್ನು ಬಿಸಿಲಿನಿಂದಲೇ ಕಟ್ಟಿಹಾಕುವ ಉಪಾಯ. ಒಂದು ಪಟ್ಟಿಯ ಚುಕ್ಕೆಗೂ ಮುಂದಿನದರ ಚುಕ್ಕೆಗೂ ನಡುವಿನ ಆರು ಅಂಗುಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಂದಿಸುತ್ತಾರೆ. ಆರು ಪಟ್ಟಿ ಸೇರಿದರೆ 63 ಅಡಿ. ಒಂದು ಬಾರಿ ಹಾಸಿ, ನೋಡಿ, ಬರೆದು, ಎತ್ತಿ ಮುಂದಿಡುವುದರಲ್ಲಿ ಹೊತ್ತು ಕಳೆಯುತ್ತದೆ. ಹಿಂದೆ ಹೆಜ್ಜೆಯಿಟ್ಟವನ ತೂಕಕ್ಕೆ ನೆಲ ಅದುರಿದರೂ ಮತ್ತೆ ಮೊದಲಿಂದ. ಈ ನಾಜೂಕಿನ ಯಂತ್ರಗಳನ್ನು ಸುಸ್ಥಿತಿಯಲ್ಲಿ ಇಟ್ಟವನು, ಕೆಟ್ಟದ್ದನ್ನು ಹೊಸದಾಗಿ ಕಟ್ಟಿಕೊಟ್ಟವನು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಎವರೆಸ್ಟ್ ಅವನ ಕೈಚಳಕವನ್ನು ಬಾಯ್ತುಂಬ ಹೊಗಳಿದ್ದಾನೆ. ಮಧ್ಯಭಾರತದ ಸಿರೋಂಜಿನಿಂದ ತ್ರಿಕೋನಗಳ ಮೇಲೆ ತಂದ ಉದ್ದವೂ ಇಲ್ಲಿ ನೆಲದ ಮೇಲೆ ಅಳೆದ ಉದ್ದವೂ ಕೆಲವೇ ಅಂಗುಲಗಳ ವ್ಯತ್ಯಾಸದಲ್ಲಿ ಹೊಂದಿದವು.

ಆ ಗುಡಾರದೊಳಗೆ ಅಳತೆಯ ಉಸ್ತುವಾರಿ ನೋಡುತ್ತಿರುವ ತರುಣ ಅಧಿಕಾರಿಯನ್ನು ಗಮನಿಸಿ. ಆಂಡ್ರ್ಯೂ ವಾ ಎಂದು ಹೆಸರು. ಎರಡು ವರ್ಷದಲ್ಲಿ ಎವರೆಸ್ಟ್ ನಿವೃತ್ತನಾಗಿ ಈತ ಸರ್ವೇಯರ್ ಜನರಲ್ ಆಗುತ್ತಾನೆ. 1849–50ರಲ್ಲಿ ಈತನ ಜನ ಬಿಹಾರದ ಬಯಲಿನಿಂದ, 170 ಕಿಲೋಮೀಟರಿಗೂ ದೂರದಿಂದ, ಹಿಮಾಲಯದ 15ನೆಯ ನಂಬರಿನ ಶಿಖರದ ಕೋನಗಳನ್ನು ಹಿಡಿಯುತ್ತಾರೆ. ಸರ್ವೆಯ ಗಣಿತಜ್ಞ ರಾಧಾನಾಥ ಸಿಕ್ದರ್ ಲೆಕ್ಕ ಮಾಡುತ್ತಾರೆ. 29,002 ಅಡಿ. 1856ರಲ್ಲಿ ವಾ ಆ ಶಿಖರಕ್ಕೆ ತನ್ನ ಗುರುವಿನ ಹೆಸರಿಡಲು ಸೂಚಿಸುತ್ತಾನೆ. ಆ ಬೆಟ್ಟದ ಕೆಳಗಿನ ಜನ ಅದನ್ನು ಚೊಮೊಲುಂಗ್ಮಾ ಎಂದು ಕರೆಯುತ್ತಿದ್ದರು, ಹದಿನೆಂಟನೆಯ ಶತಮಾನದ ಫ್ರೆಂಚ್ ನಕ್ಷೆಯಲ್ಲೂ ಆ ಹೆಸರು ಬಂದಿತ್ತು. ತನ್ನ ಹೆಸರು ಈ ದೇಶದ ಜನರ ಬಾಯಿಗೆ ಬಾರದು ಎಂದು ಎವರೆಸ್ಟನೇ ತಕರಾರು ತೆಗೆದ. ಆದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಆ ಹೆಸರನ್ನೇ ಗಟ್ಟಿ ಮಾಡಿತು. ಊರಿನವರು ಹೇಳುವ ಹೆಸರನ್ನೇ ಬರೆದುಕೊಳ್ಳಬೇಕೆಂಬುದು ಸರ್ವೆಯ ರೂಢಿಯಾಗಿತ್ತು. ಅತಿ ಎತ್ತರದ ಬೆಟ್ಟದ ಬಳಿ ಅದು ಮುರಿಯಿತು. ಅದು ಆಗಬಾರದಿತ್ತು.

ಅದೇ 1865ರಲ್ಲಿ ಸರ್ವೆಯ ಇನ್ನೊಂದು ಕೆಲಸ, ಭೂಮಿಯ ಸೆಳೆತವನ್ನು ಅಳೆಯುವುದು, ಶುರುವಾಯಿತು, ಅದಕ್ಕೆ ಕೊಡಂಗಲ್ಲಿಗೆ ಹೋಗಬೇಕು. ಸೇಡಂನಿಂದ ಪೂರ್ವಕ್ಕೆ, ಇಂದು ತೆಲಂಗಾಣ. 1956ರವರೆಗೆ ಕೊಡಂಗಲ್, ತಾಂಡೂರು ಎರಡೂ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿಯ ಠಾಣೆಗೆ ಸರ್ವೆಯ ಕ್ಯಾಪ್ಟನ್ ಬಸೇವಿ ಲೋಲಕ ತಂದಿದ್ದಾನೆ. ಗಾಳಿ ತೆಗೆದ ಪಾತ್ರೆಯೊಳಗೆ ಹಿತ್ತಾಳೆಯ ಲೋಲಕ ತೂಗುತ್ತಿದೆ, ಹಿಂದೆ ಗಡಿಯಾರದ ಲೋಲಕ. ಎರಡೂ ಒಮ್ಮೆ ಜೊತೆಯಾಗುತ್ತವೆ, ಮೆಲ್ಲಗೆ ಅಗಲುತ್ತವೆ, ಮತ್ತೆ ಜೊತೆಯಾಗುತ್ತವೆ. ಆ ಕೂಡುವ ಗಳಿಗೆಗಳನ್ನು ದುರ್ಬೀನಿನಲ್ಲಿ ಹಿಡಿದು ಬರೆಯುತ್ತಾ ಹೋಗಬೇಕು. ಉಸಿರು ಬಿಗಿಹಿಡಿದು ನೋಡಿ. ಧ್ರುವ ಭೂಮಿಯ ನಡುವಿಗೆ ಹತ್ತಿರವಿರುವುದರಿಂದಲೂ ಅಲ್ಲಿ ತಿರುಗುವ ವೇಗ ಇಲ್ಲದಿರುವುದರಿಂದಲೂ ಸೆಳೆತ ಹೆಚ್ಚು, ಲೋಲಕ ಚುರುಕು. ಸೆಕೆಂಡಿಗೊಮ್ಮೆ ತೂಗುವ ಲೋಲಕ ಸಮಭಾಜಕಕ್ಕಿಂತ ಧ್ರುವದಲ್ಲಿ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಬಾರಿ ಜಾಸ್ತಿ ತೂಗುತ್ತದೆ. ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದರೆ ಕೊಡಂಗಲ್ಲಿನ ಅಕ್ಷಾಂಶದಲ್ಲಿ ಆ ಹೆಚ್ಚಳ ದಿನಕ್ಕೆ ಸುಮಾರು 20. ದಿನದ 86,400ರಲ್ಲಿ ಇಪ್ಪತ್ತು! ಅದನ್ನು ಗುಡ್ಡದ ಮೇಲೆ ಕೂತು ಎಣಿಸಿದರು. ಬಸೇವಿ ಲೋಲಕವನ್ನು ಕನ್ಯಾಕುಮಾರಿಯ ತುದಿಯಿಂದ ಹಿಮಾಲಯದವರೆಗೆ ಹೊತ್ತು, 1871ರ ಜುಲೈನಲ್ಲಿ ಲಡಾಖಿನ ಎತ್ತರದಲ್ಲಿ ಕೆಲಸ ಮಾಡುತ್ತಲೇ ಸತ್ತ.

ಮತ್ತೆ ಹೆಸರಿನ ಮಾತಿಗೆ ಬಂದರೆ, ದಕ್ಷಿಣಧ್ರುವದ ಕಡೆಯ ಬೆಟ್ಟಗಳಿಗೆ ಹೆಸರಿಟ್ಟ ಕತೆ ಎವರೆಸ್ಟ್ ಶಿಖರದ್ದಕ್ಕಿಂತ ತೀರ ಬೇರೆ. 1939ರ ಆರಂಭದಲ್ಲಿ ಜರ್ಮನಿಯ ಶ್ವಾಬೆನ್‌ಲಾಂಡ್ ಹಡಗಿನಿಂದ ಹಾರಿದ ಎರಡು ವಿಮಾನಗಳು ಅಂಟಾರ್ಕ್ಟಿಕದ ಸಾವಿರಾರು ಚಿತ್ರ ತೆಗೆದವು. ಆ ಚಿತ್ರಗಳಿಂದ ಓಟ್ಟೊ ಫೊನ್ ಗ್ರೂಬರ್ ಮೇಜಿನ ಮೇಲೆ ನಕ್ಷೆ ಬಿಡಿಸಿದ. ಹಿಮದಿಂದ ತಲೆಯೆತ್ತಿದ ಸಾಲುಗಳಿಗೆ ವೋಲ್ಟಾಟ್, ಹುಂಬೋಲ್ಟ್, ಪೀಟರ್‌ಮನ್ ಎಂದು ಹೆಸರು ಬಿದ್ದವು, ಒಂದಕ್ಕೆ ಗ್ರೂಬರನದೇ ಹೆಸರು. ಕಲ್ಲಿಗೆ ಯಾರ ಕಾಲೂ ತಾಗಿರಲಿಲ್ಲ. ಭಾರತದ ಮೊದಲ ತಂಡ ಅಂಟಾರ್ಕ್ಟಿಕಕ್ಕೆ ಇಳಿದದ್ದು 1982ರ ಜನವರಿ 9ರಂದು. 1989ರಿಂದ ನಮ್ಮ ಮೈತ್ರಿ ಠಾಣೆ ನಿಂತಿರುವುದು ಆ ವಿಮಾನಗಳ ಪೈಲಟ್ ಶಿರ್ಮಾಕರನ ಹೆಸರಿನ ಕಲ್ಲುಬಯಲಿನಲ್ಲಿ. ಪಕ್ಕದ ಸರೋವರಕ್ಕೆ ಪ್ರಿಯದರ್ಶಿನಿ ಎಂಬ ಹೆಸರು ನಮ್ಮವರದು. ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾದ ಭೂವಿಜ್ಞಾನಿಗಳು ವೋಲ್ಟಾಟ್ ಬೆಟ್ಟಗಳಿಗೆ ಹೋಗಿ ಕಲ್ಲು ಒಡೆದು, ಪದರ ನೋಡಿ ನಕ್ಷೆ ಮಾಡಿದ್ದಾರೆ. ಜನವೇ ಇಲ್ಲದ ನಾಡಿನಲ್ಲಿ ಕೇಳಿ ಬರೆದುಕೊಳ್ಳಲು ಹೆಸರೇ ಇರಲಿಲ್ಲ.

ನಮ್ಮಲ್ಲಿ ಹಾಗಲ್ಲ. ನಮ್ಮ ಯಾವ ಗುಡ್ಡದ ಬುಡದಲ್ಲಿ ನಿಂತು ಕೇಳಿದರೂ ಉತ್ತರ ಸಿದ್ಧ.

“ಮುತ್ಯಾ, ಈ ಗುಡ್ಡಕ್ಕ ಏನಂತಾರ್ರಿ?”

“ಹಣಮಪ್ಪನ ಗುಡ್ಡ ಅಂತಾರಪ್ಪಾ. ಆ ಕಡಿಂದು ಯಲ್ಲಮ್ಮಂದು. ನಡುವ ಕಾಣಸ್ತದಲ್ಲ, ಅದು ಕುರಿ ಇಳಸೋ ದಾರಿ. ನೀ ಯಾರ ಪೈಕಿ?”

ಸರ್ವೆಯವರು ಬಂದಾಗ ಹೇಳಿದ್ದು ಇಂಥ ಮುತ್ಯಾಗಳೇ. ಸರ್ವೆಯ ನಕ್ಷೆಯ, ಅಂದರೆ ಟೋಪೋಶೀಟಿನ ಮೇಲೆ ನಮ್ಮ ಹಳ್ಳ, ಗುಡ್ಡ, ತಾಂಡಾಗಳ ಹೆಸರು ಇರುವುದು ಅವರ ಬಾಯಿಂದ. ಆ ಹಳೆಯ ಟೋಪೋಶೀಟುಗಳೆಲ್ಲ ನಿಂತಿರುವುದು ಎವರೆಸ್ಟ್ ಗೋಳಾಭ ಎಂಬ ಭೂಮಿಯ ಆಕಾರದ ಲೆಕ್ಕದ ಮೇಲೆ, ಆ ಲೆಕ್ಕದೊಳಗೆ ದಮರಗಿದ್ದ ಇದೆ.

ಸರ್ವೆಯ ಠಾಣೆಗಳಲ್ಲಿ ಹುಗಿದ ಗುರುತಿನ ಕಲ್ಲಿನ ಮೇಲೆ ಒಂದು ಸಣ್ಣ ವೃತ್ತ, ನಡುವೆ ಚುಕ್ಕೆ ಕೊರೆದಿರುತ್ತದೆ. ಕೆಲವು ಕಡೆ ಅದರ ಮೇಲೆ ಗಾರೆಯ ಕಂಬ ಕಟ್ಟಿರುತ್ತಾರೆ. ನಿಧಿ ಇದ್ದೀತೆಂಬ ಆಸೆಗೆ ಅಗೆದರೆ, ಕಲ್ಲುಗಣಿಗೆ ಗುಡ್ಡವೇ ಕರಗಿದರೆ ಆ ಚುಕ್ಕೆ ಹೋಗುತ್ತದೆ. ಕೊಡ್ಲಿ, ಚಿಂಚೋಳಿ, ಸೇಡಂ, ಬೀದರ್ ಕಡೆಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳನ್ನು ನಿಮ್ಮ ಊರಿನ ಎತ್ತರದ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಗುಡ್ಡದ ಹೆಸರನ್ನು ಊರಿನ ಹಿರಿಯರಿಂದ ಕೇಳಿ ಬರೆಸಿ. ಅಲ್ಲಿ ಸರ್ವೇ ಕಲ್ಲಿದ್ದರೆ ಅದು ಏನೆಂದು ಹೇಳಿಕೊಡಿ, ಅದನ್ನು ಕೀಳದಂತೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಪಕ್ಕದಲ್ಲಿ ಕನ್ನಡದ ಒಂದು ಫಲಕ ಹಾಕಿಸಿ.